ಉಜ್ಗೆನ್ ಅಕ್ಕಿಯ ಚೀಲ

ಅತ್ತಿಗೆ, ಬಿಷ್ಕೆಕ್‌ನಿಂದ ನಿನ್ನ ನಾದಿನಿಯ ಸಲಾಮು. ಇಲ್ಲಿಯ ಸಂತೆಯಲ್ಲಿ ಕಂಡಕಂಡವರೆಲ್ಲ ನಮ್ಮ ಉಜ್ಗೆನ್ ಕೆಂಪಕ್ಕಿ ಮಾರುತ್ತಾರೆ. ನಮ್ಮೂರ ಗದ್ದೆ ಇರುವುದೇ ಅಂಗೈಯಗಲ; ಇವರಿಗೆಲ್ಲ ಎಲ್ಲಿಂದ ಬಂತು? ಬಣ್ಣ ಹಚ್ಚಿರಬೇಕೆಂದು ಒಬ್ಬನ ಎದುರೇ ಒಂದು ಹಿಡಿ ಅಕ್ಕಿಗೆ ನೀರು ಹಾಕಿ ಉಜ್ಜಿದೆ.

"ಅಕ್ಕಾ, ಅಕ್ಕಿ ಕೊಳ್ತೀಯೋ, ಸ್ನಾನ ಮಾಡಿಸ್ತೀಯೋ?" ಎಂದು ರೇಗಿದ.

"ನಿನ್ನಂಥೋರನ್ನ ಬೇಕಾದಷ್ಟು ನೋಡಿದೀನಿ, ಸುಮ್ನಿರಪ್ಪಾ!" ಎಂದೆ.

ಬಣ್ಣ ಬಿಡಲಿಲ್ಲ. ತಂದು ಹಳದಿ ಗಜ್ಜರಿ, ಕುರಿಮಾಂಸ ಹಾಕಿ ಪಲಾವ್ ಮಾಡಿದೆ. ಅಗುಳೆಲ್ಲ ಬಿಡಿಬಿಡಿ, ಅಪ್ಪಟ ನಮ್ಮನೆಯ ರುಚಿ. ನನ್ನ ಕೆಮ್ಮು ವಾಸಿಯಾಗಿದೆ. ಅಂದಹಾಗೆ, ಅವನ ಚೀಲದ ಬಾಯಿಗೆ ಕಟ್ಟಿದ್ದು ನಿನ್ನ ಮದುವೆಯ ರೇಷ್ಮೆ ಅಂಗಿಯ ಚೂರು. ಈ ಸಲದ ಅಕ್ಕಿಯನ್ನೆಲ್ಲ ಇಲಿ ತಿಂದವು ಎಂದಿದ್ದೆಯಲ್ಲ, ಆ ಇಲಿಗಳಿಗೆ ಗಂಟು ಹಾಕುವುದನ್ನು ಚೆನ್ನಾಗಿ ಕಲಿಸಿದ್ದೀಯ.

ಅವಸರದಲ್ಲಿ,
ಹಿಲೋಲಾ