ಹಿಂಬಾಗಿಲಿನ ಸರದಿ

ತುಕುಮಾನ್, ಸೋಮವಾರ

ಡಾಕ್ಟರ್ ಒಲ್ಮೆದೊ ಅವರೇ,

ಬಸಿರಾಗಬೇಕೆಂದು ಎಂಟು ತಿಂಗಳಿಂದ ನಿಮ್ಮ ಆಸ್ಪತ್ರೆಗೆ ಬರುತ್ತಿದ್ದೇನೆ. ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಗಡ್ಡವಿದೆ, ಗರ್ಭಕೋಶವೂ ಇದೆ. ಸರ್ಕಾರ ಇದನ್ನೊಪ್ಪಿ ಗುರುತಿನ ಚೀಟಿ ಕೊಟ್ಟಿದೆ. ನೀವು ಕೊಟ್ಟಿದ್ದು ಊರೆಲ್ಲ ಬಾಗಿಲು ಹಾಕಿ ಮಲಗುವ ಮಧ್ಯಾಹ್ನದ ಹೊತ್ತು, ಬಟ್ಟೆ ಒಗೆಯುವ ಕೋಣೆ ಪಕ್ಕದ ಹಿಂಬಾಗಿಲು.

“ಬೇರೆ ಹೆಂಗಸರು ಗಾಬರಿ ಆಗ್ತಾರೆ, ನಿಮಗೂ ಮುಜುಗರ ತಪ್ಪತ್ತೆ ನೋಡಿ,” ಅಂದರು ಸರದಿ ಬರೆಯುವ ಮಿರ್ತಾ. ನಾನು ಹೂಂ ಎಂದು ಒಪ್ಪಿಕೊಂಡೆ. ನಿಮ್ಮ ಮೇಲಿರುವ ಸಿಟ್ಟು, ಹಾಗೆ ಒಪ್ಪಿದ್ದಕ್ಕೆ ನನ್ನ ಮೇಲೂ ಇದೆ.

ಶುಕ್ರವಾರ ನನ್ನ ಗರ್ಭಕೋಶದಲ್ಲಿ ಭ್ರೂಣ ಇರಿಸುವ ದಿನ. ಬೆಳಿಗ್ಗೆ ಹತ್ತಕ್ಕೆ ಮುಂಬಾಗಿಲಿನಿಂದ ಬರುತ್ತೇನೆ. ಅಮ್ಮನೂ ಫ್ಲಾಸ್ಕ್ ಹಿಡಿದು ಬರುತ್ತಾಳೆ. ಇಬ್ಬರಿಗೂ ಕುರ್ಚಿ ಇರಲಿ.

ಗರ್ಭ ನಿಂತರೆ ಈ ಹೊಟ್ಟೆ ಹೊತ್ತು ಹಾಡಹಗಲೇ ನಿಮ್ಮ ಆಸ್ಪತ್ರೆ ಬೀದಿಯಲ್ಲೇ ಓಡಾಡುತ್ತೇನೆ. ನೋಡಿ ಅಭ್ಯಾಸ ಮಾಡಿಕೊಳ್ಳುವುದನ್ನು ಮಿರ್ತಾ ಶುಕ್ರವಾರವೇ ಶುರುಮಾಡಲಿ.

ಅಲೆಕ್ಸಿಸ್ ಬ್ರಿಸುಯೆಲಾ