ಇನ್ನೊಂದ್ಸಲ ಉಜ್ಜು

ಏಪ್ರಿಲ್ 5, ಶನಿವಾರ

ರೈಲು ಇವತ್ತೂ ಲೇಟು. ಊರ್ಗಾಂನಿಂದ ಬಾಗಿಲಲ್ಲಿ ನೇತಾಡಿಕೊಂಡೇ ಬಂದೆ. ಬಂಗಾರಪೇಟೆ ಸ್ಟೇಷನ್ ಹೊರಗೆ ಮಾವಿನಕಾಯಿಗೆ ಉಪ್ಪು ಖಾರ ಹಾಕಿಸಿಕೊಂಡು, ತಿನ್ನುತ್ತಲೇ ಚಿನ್ನದಂಗಡಿಗೆ. ಯಜಮಾನ ಕೋದಂಡಪ್ಪನವರದು ದಿನಾ ಅದೇ ಪುರಾಣ. "ಕೈ ತೊಳ್ದು ಒರೆಗಲ್ಲಿಗೆ ನಮಸ್ಕಾರ ಮಾಡು ಕಣ್ಲಾ ಮುನೇಶ. ಆಮೇಲೆ ಮುಟ್ಟು." ಕಲ್ಲಿಗೆ ಯಾವ ನಮಸ್ಕಾರ? ಅವರು ಊಟಕ್ಕೆ ಹೋದಾಗ ಉಳಿದ ಹೋಳನ್ನೂ ತಿಂದೆ. ಪ್ಯಾಂಟಿಗೆ ಕೈ ಒರೆಸಿ ಕೂತೆ.

ಅತ್ತೆ ಸೊಸೆ ಬಂದರು. ಅತ್ತೆ ಮಂಗಮ್ಮ, ಇದೇ ಊರು, ಹಳೇ ಗಿರಾಕಿ. ಸೊಸೆ ನವ್ಯ, ಕಂಕುಳಲ್ಲಿ ಕೂಸು. ಮದುವೆಗೆ ನವ್ಯಳ ಅಪ್ಪ ಹಾಕಿದ ಸರ ಕೊಟ್ಟು ಕೂಸಿಗೆ ಬಳೆ ಮಾಡಿಸಬೇಕಂತೆ. ಕಲ್ಲಿಗೆ ಉಜ್ಜಿದೆ. ಗೆರೆ ಬಿತ್ತು. ಬೆರಳಲ್ಲಿ ಸವರಿ ಆಸಿಡ್ ಬಿಟ್ಟೆ. ಚಿನ್ನ ಆಗಿದ್ದರೆ ಗೆರೆ ನಿಲ್ಲಬೇಕು.

ಮಾಯ.

"ಇದು ಚಿನ್ನ ಅಲ್ಲ ಕಣಮ್ಮೋ, ಕವರಿಂಗು!" ಜೋರಾಗೇ ಕೂಗಿದೆ. ಇಡೀ ಅಂಗಡಿ ತಿರುಗಿ ನೋಡಿತು.

ಮಂಗಮ್ಮ ಸೊಸೆ ಕಡೆ ತಿರುಗಿದರು. "ನಿಮ್ಮಪ್ಪ ನಮ್ ಮನೆಗೆ ಇತ್ತಾಳೆ ಆಕಿ ಕಳ್ಸವ್ನಾ?"

"ಇಲ್ಲ ಅತ್ತೆ... ಅಣ್ಣ, ಇನ್ನೊಂದ್ಸಲ ಉಜ್ಜು."

"ಕಣ್ಣೆದುರಿಗೇ ಪ್ರೂಫ್ ಐತಲ್ಲ. ಇನ್ನೇನ್ ಉಜ್ಜೋದು?"

ಯಾರೋ ನಕ್ಕರು. ಸರ ಸೆರಗಿಗೆ ಕಟ್ಟಿಕೊಂಡು ಮಂಗಮ್ಮ ಹೊರಟರು. ಹಿಂದೆ ನವ್ಯ. ಕೂಸು ಅಳುತ್ತಿತ್ತು.

ಏಪ್ರಿಲ್ 6, ಭಾನುವಾರ

ರಜೆ. ನಂದಿದುರ್ಗ ಲೈನಿನ ಗಣಿ ಸಾಲುಮನೆ, ಇರೋದೇ ಒಂದು ರೂಮು. ಅಕ್ಕ ಅಕ್ಷರಾ ಬಿ.ಎ. ಇಂಗ್ಲಿಷ್. ಸೆಮಿನಾರ್ ಅಂತ ಬೆಳಗ್ಗೆಯಿಂದ ಗಟ್ಟಿಯಾಗಿ ಓದುತ್ತಿದ್ದಾಳೆ — ನಿಜ ಅಂತ ಸಾಬೀತು ಮಾಡೋ ಇಂಗ್ಲಿಷ್ ಪದಗಳು ಮೊದಲು ಏನಾಗಿದ್ದವು, ಆಮೇಲೆ ಏನಾದವು. ತಲೆನೋವು.

ಪ್ರೂವ್ ಅಂತ ಕೇಳಿದರೇ ಮೈ ಉರಿಯುತ್ತೆ. ಒಂಬತ್ತನೇ ಕ್ಲಾಸಲ್ಲಿ ಎರಡು ಬದಿ ಸಮ ಇರೋ ತ್ರಿಕೋನದ ಎರಡು ಕೋನ ಸಮ ಅಂತ ಪ್ರೂವ್ ಮಾಡು ಅಂದಿದ್ದರು. 'ನೋಡಿದರೇ ಗೊತ್ತಾಗುತ್ತೆ' ಅಂತ ಬರೆದೆ. ಮೇಷ್ಟ್ರು ಅದನ್ನು ಓದಿ ಕ್ಲಾಸನ್ನೆಲ್ಲ ನಗಿಸಿದರು. ಆಮೇಲೆ ಸ್ಕೂಲ್ ಕಡೆ ತಲೆ ಹಾಕಲಿಲ್ಲ.

ಅಕ್ಕನಿಗೆ ಹೇಳಿದೆ. ನಕ್ಕಳು. "ಎವಿಡೆನ್ಸ್ ಅಂದ್ರೆ ಅದೇ ಕಣ್ಲಾ. ಲ್ಯಾಟಿನ್‌ನಾಗೆ ನೋಡೋದು ಅನ್ನೋ ಪದದಿಂದ ಬಂದೈತೆ. ಕಣ್ಣಿಗೆ ಕಾಣೋದು."

"ಅಂಗಾದ್ರೆ ನಂಗೆ ಮಾರ್ಕ್ಸ್ ಆಕ್ಬೇಕಿತ್ತು."

"ರೋಮ್‌ನಾಗೆ ಉಟ್ಟಿದ್ರೆ ಆಕ್ತಿದ್ರು ಬಿಡು. ಇದು ಕೇಳು, ಟೆಸ್ಟ್ ಅಂದ್ರೆ ಮೊದ್ಲು ಪರೀಕ್ಷೆ ಅಲ್ಲ, ಒಂದು ಪಾತ್ರೆ. ಚಿನ್ನ ಬೆಳ್ಳಿ ಕರಗ್ಸಿ ಕಲಬೆರಕೆ ಐತಾ ಅಂತ ನೋಡೋ ಸಣ್ಣ ಮೂಸೆ. ನಿನ್ ಕೆಲ್ಸಾನೇ!"

ನನ್ನ ಕೆಲಸದ ಸುದ್ದಿ ನಿನಗ್ಯಾಕೆ ಅಂತ ಎದ್ದು ಹೋದೆ. ಒಳಗೊಳಗೇ ಖುಷಿ.

ಏಪ್ರಿಲ್ 9, ಬುಧವಾರ

ಟೀ ಅಂಗಡಿಯಲ್ಲಿ ಕೇಳಿದ್ದು. ಮಂಗಮ್ಮ ಸೊಸೆಯನ್ನು ಕೂಸಿನ ಸಮೇತ ಬೇತಮಂಗಲಕ್ಕೆ, ತವರಿಗೆ ಬಿಟ್ಟು ಬಂದರಂತೆ. ನವ್ಯಳ ಅಪ್ಪನಿಗೆ ಬೀದಿಯಲ್ಲೇ ನಿಂತು ಬೈದರಂತೆ. ಗಂಡ ತಲೆ ಬಗ್ಗಿಸಿ ನಿಂತಿದ್ದನಂತೆ.

ನನಗೇನು? ಹಿತ್ತಾಳೆ ಹಾಕಿದವನು ಅವಳ ಅಪ್ಪ.

ಆದರೂ... ಇನ್ನೊಂದ್ಸಲ ಉಜ್ಜು. ರೈಲಲ್ಲೂ ಅದೇ ದನಿ.

ಏಪ್ರಿಲ್ 21, ಸೋಮವಾರ

ಬರೆಯಲೇಬೇಕು.

ಇವತ್ತು ಒಂದು ಉಂಗುರ ಬಂತು. ಯಜಮಾನರೇ ಮಾಡಿಕೊಟ್ಟಿದ್ದು, ಅಪ್ಪಟ ಚಿನ್ನ. ಉಜ್ಜಿದೆ, ಸವರಿದೆ, ಆಸಿಡ್ ಬಿಟ್ಟೆ. ಗೆರೆ ಮಾಯ. ಯಜಮಾನರು ನನ್ನ ಕೈ ಎಳೆದು ಬೆರಳು ಮೂಸಿದರು.

"ಮಾವಿನಕಾಯಾ? ಉಪ್ಪು ಸೇರಿದ್ರೆ ಈ ಆಸಿಡ್ಡು ಚಿನ್ನಾನೂ ತಿಂತದೆ ಕಣ್ಲಾ! ಅದ್ಕೇ ಕೈ ತೊಳಿ ಅನ್ನೋದು."

"ನಮಸ್ಕಾರ ಮಾಡು ಅಂತಿದ್ರಲ್ಲ..."

"ನಮಸ್ಕಾರ ಮಾಡೋನು ಕೈ ತೊಳೀತಾನೆ ಅಂತ ಅಂದೆ! ನೀನು ಎರಡೂ ಬಿಟ್ಯಲ್ಲೋ!"

ಹಿತ್ತಾಳೆ ಆದರೆ ಹಸಿರು ನೊರೆ ಏಳುತ್ತೆ. ಅವತ್ತು ಎದ್ದಿರಲಿಲ್ಲ. ಸುಮ್ಮನೆ ಮಾಯವಾಗಿತ್ತು. ಕಣ್ಣೆದುರಿಗೇ ಅಂದೆ. ನೋಡಲೇ ಇಲ್ಲ ನಾನು.

ಯಜಮಾನರಿಗೆ ಎಲ್ಲ ಹೇಳಿದೆ. ಮುಖ ಕಪ್ಪಗಾಯಿತು. "ಬಾಯಿ ಮುಚ್ಕಂಡಿರು. ಅಕ್ಷಯ ತೃತೀಯ ಬತ್ತಾ ಐತೆ. ಅಂಗಡಿ ಎಸ್ರು ಕೆಟ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

ಏಪ್ರಿಲ್ 22, ಮಂಗಳವಾರ

ಮಂಗಮ್ಮನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ.

"ಅವತ್ತು ಅಷ್ಟು ಜನದ ಮುಂದೆ ಕೂಗ್ದೆ. ಇವತ್ತು ಬಾಗ್ಲಾಗೆ ನಿಂತ್ಕಂಡು ಪಿಸಪಿಸ ಅಂತೀಯ. ಅವ್ಳಪ್ಪ ಬಿರಿಯಾನಿ ಕೊಡ್ಸಿದ್ನಾ?"

"ನನ್ ಕೈಯಾಗೆ ಉಪ್ಪಿತ್ತಮ್ಮ. ಸರ ಒಳ್ಳೇದೇ."

"ಎಲ್ಲಿ ಕೂಗಿದ್ಯೋ ಅಲ್ಲೇ ಕೂಗು. ಆಮೇಲೆ ನೋಡಾಣ."

ಸರಿಯಾಗೇ ಹೇಳಿದರು. ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಮನೆಯಲ್ಲಿ ಅಕ್ಕ ಇನ್ನೂ ಓದುತ್ತಿದ್ದಳು. "ಶೋ ಅಂದ್ರೆ ಇಂಗ್ಲಿಷ್‌ನಾಗೆ ಮೊದ್ಲು ತೋರ್ಸೋದಲ್ವಂತೆ, ನೋಡೋದಂತೆ. ಬೇರೇವ್ರಿಗೆ ತೋರ್ಸೋದು ಆಮೇಲೆ ಬಂತು. ಪ್ರೂವ್ ಅಂದ್ರೂ ಮೊದ್ಲು ಪರೀಕ್ಷೆ ಮಾಡಿ ನೋಡೋದು..." ನನ್ನ ಮುಖ ನೋಡಿ ನಿಲ್ಲಿಸಿದಳು. "ಏನಾಯ್ತೋ?"

ಎಲ್ಲ ಹೇಳಿದೆ. ನೋಡದೇ ತೋರಿಸಿಬಿಟ್ಟೆ ಅಕ್ಕ, ಅಂದೆ. ಬೈಯಲಿಲ್ಲ. ಬೈದಿದ್ದರೆ ವಾಸಿ.

"ಆ ಉಡ್ಗಿಗೆ ಏಳ್ದಾ?" ಅಂತ ಮಾತ್ರ ಕೇಳಿದಳು.

ಏಪ್ರಿಲ್ 27, ಭಾನುವಾರ

ಬೇತಮಂಗಲ. ಕೆರೆ ಏರಿ ಹತ್ತಿರ ಬಸ್ಸಿಳಿದು ವಿಚಾರಿಸಿದೆ. ಚಿಕ್ಕವೆಂಕಟಪ್ಪನವರ ಮನೆ ಅಂದೆ. ಅಲ್ಲಿದ್ದವನು ಹಲ್ಲು ಕಿರಿದ. "ಇತ್ತಾಳೆ ಎಂಕಟಪ್ಪನದಾ?" ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಆ ಹೆಸರು ಇಟ್ಟವನು ನಾನೇ ಅಲ್ಲವಾ.

ನವ್ಯಳ ಅಪ್ಪ ಕೂಲಿಯವರು. ಎಲ್ಲ ಕೇಳಿದರು. "ನೀರು ಕುಡೀತೀಯೇನಪ್ಪ?" ಅಂದರು. ಕುಡಿದೆ.

ಬುಧವಾರ ಅಂಗಡಿಗೆ ಬನ್ನಿ, ಎಲ್ಲರ ಮುಂದೆ ತೋರಿಸ್ತೀನಿ ಅಂದೆ. ನವ್ಯ ಹೊರಗೆ ಬರಲಿಲ್ಲ. ಒಳಗಿಂದಲೇ ಅಂದಳು, "ಬತ್ತೀನಿ ಅಂತ ಏಳಪ್ಪ."

ವಾಪಸ್ ಬರುವಾಗ ಮಂಗಮ್ಮನಿಗೂ ಹೇಳಿ ಬಂದೆ. ಯಜಮಾನರಿಗೆ ಹೇಳಿಲ್ಲ.

ಏಪ್ರಿಲ್ 30, ಬುಧವಾರ, ಅಕ್ಷಯ ತೃತೀಯ. ಸಂಜೆ, ರೈಲಲ್ಲಿ

ಕೈ ತೊಳೆದೆ. ಮತ್ತೆ ತೊಳೆದೆ. ಕಲ್ಲಿಗೆ ನಮಸ್ಕಾರವನ್ನೂ ಮಾಡಿದೆ.

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಂಗಮ್ಮ ಸೆರಗಿನ ಗಂಟಿಂದ ಸರ ಬಿಚ್ಚಿಟ್ಟರು. ನವ್ಯ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಳು. ಯಜಮಾನರು ಕಣ್ಣಲ್ಲೇ ಬೇಡ ಅಂದರು. ನಾನು ಸ್ಟೂಲ್ ಹತ್ತಿದೆ.

"ಅವತ್ತು ಈ ಸರಾನ ಕವರಿಂಗ್ ಅಂತ ಕೂಗ್ದೋನು ನಾನೇ. ಉಪ್ಪಿನ ಕೈಯಾಗೆ ಕಲ್ಲು ಮುಟ್ಟಿದ್ದೆ. ತಪ್ಪು ನಂದು. ಬನ್ನಿ, ನೋಡಿ."

ಎರಡು ಗೆರೆ ಎಳೆದೆ. ಒಂದಕ್ಕೆ ಬರೀ ಆಸಿಡ್. ನಿಂತಿತು. ಇನ್ನೊಂದಕ್ಕೆ ಚಿಟಿಕೆ ಉಪ್ಪು, ಮೇಲೆ ಆಸಿಡ್. ಎಲ್ಲರೂ ಬಗ್ಗಿ ನೋಡುತ್ತಿದ್ದ ಹಾಗೇ ಮಾಯ. ಯಾರೋ ಹೆಂಗಸು, "ಅಯ್ಯೋ, ನಮ್ದೂ ಇನ್ನೊಂದ್ಸಲ ನೋಡಪ್ಪ!" ಅಂದಳು. ಜನ ನಕ್ಕರು. ಯಜಮಾನರು ಕಿವಿಯ ಹತ್ತಿರ ಬಂದು, "ನಾಳೆಯಿಂದ ಬರ್ಬೇಡ," ಅಂದರು.

ಮಂಗಮ್ಮ ಸರ ಎತ್ತಿಕೊಂಡು ಸೊಸೆ ಹತ್ತಿರ ಹೋದರು. "ಬಾರಮ್ಮ, ಮನೆಗೆ ಓಗಾಣ."

ನವ್ಯ ಸರ ಇಸಿದುಕೊಂಡಳು. "ಚಿನ್ನ ಅಂತ ನಂಗೆ ಅವತ್ತೇ ಗೊತ್ತಿತ್ತು ಅತ್ತೆ. ನಿಮ್ಗೆ ಕಲ್ಲು ಏಳ್ಬೇಕಾಯ್ತು."

ಬಸ್ ಸ್ಟ್ಯಾಂಡ್ ಕಡೆ ನಡೆದಳು. ನಾನು ಹಿಂದೆ ಓಡಿದೆ. ಬೇತಮಂಗಲದ ಬಸ್ಸು, ಕಿಟಕಿ ಪಕ್ಕ ಕೂತಿದ್ದಳು. ಹೋಗಿ ನಿಂತೆ. ಕೋಪವಿಲ್ಲದೆ ಕೇಳಿದಳು.

"ಅವತ್ತು ಇನ್ನೊಂದ್ಸಲ ಯಾಕಣ್ಣ ಉಜ್ಜಲಿಲ್ಲ?"

ಉಪ್ಪು ಅಂತ ಹೇಳಲು ಬಾಯಿ ತೆರೆದೆ. ಉಪ್ಪಲ್ಲ ಅದು. ಬಸ್ಸು ಹೊರಟಿತು.

ಇಲ್ಲಿ ಬರೆಯುತ್ತೇನೆ, ಯಾರೂ ಓದುವುದಿಲ್ಲ. ಅವತ್ತು ಯಾರೋ ನಕ್ಕರಲ್ಲ — ಆ ನಗು ನನ್ನ ಮೇಲಲ್ಲ, ಅವಳ ಮೇಲೆ ಅಂತ ಗೊತ್ತಾದಾಗ ನನಗೆ ಖುಷಿಯಾಗಿತ್ತು. ಅದಕ್ಕೇ ಆಮೇಲೂ ಉಜ್ಜಲಿಲ್ಲ.