ಕ್ಯಾಪ್ಟನ್ ಹೊಳೆ ದಾಟಲಿಲ್ಲ

ಕೋಡಿಬಾಗ, ಕಾರವಾರ
ತಾ. ೧೨-೧೦-೧೯೩೭, ಮಂಗಳವಾರ

ಪ್ರೀತಿಯ ಗಂಗಿ,

ಇದನ್ನು ಓದಿ ಹೇಳುವಾಗ ನಿನ್ನ ತಮ್ಮ ತಿಮ್ಮು ಹಲ್ಲು ಕಿರಿಯುತ್ತಾನೆಂದು ಗೊತ್ತು. ಕಿರಿಯಲಿ, ಭಾವನ ಕಾಗದ ಓದುವ ಕೆಲಸಕ್ಕೆ ಅಷ್ಟಾದರೂ ಕೂಲಿ ಬೇಕಲ್ಲ. ನಿನ್ನ ಮೈ ಹೇಗಿದೆ? ಕಾಲಿನ ಬಾವು ಇಳಿಯಿತೇ? ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ, ಇಲ್ಲ ಇನ್ನೂ ವಾಂತಿಯೇ? ಹೆರಿಗೆಗೆಂದು ನೀನು ಹಿಲ್ಲೂರಿಗೆ ಹೋಗಿ ಇಪ್ಪತ್ತಾರು ದಿನವಾಯಿತು. ಬಂದದ್ದು ಒಂದೇ ಕಾರ್ಡು, ಅದರಲ್ಲೂ ಅರ್ಧ ನಿಮ್ಮ ಎಮ್ಮೆ ಕರು ಹಾಕಿದ ಸುದ್ದಿ. ಎಮ್ಮೆಯ ಸುದ್ದಿ ಕಟ್ಟಿಕೊಂಡು ನನಗೇನಾಗಬೇಕು ಮಾರಾಯ್ತಿ! ಇಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಾಟಾ ಡಿಪೋದಲ್ಲಿ ದಿಮ್ಮಿ ಉರುಳಿಸುವಾಗಲೂ ಕಣ್ಣು ಟಪಾಲಿನವನು ಬರುವ ದಾರಿಯ ಮೇಲೆ. ನಿನ್ನೆ ಒಂದು ದಿಮ್ಮಿ ಜಾರಿ ಕಾಲಿನ ಹೆಬ್ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಈಗ ಆಟದ ಸುದ್ದಿ. ಫುಟ್ಬಾಲನ್ನು ಸವತಿ ಎಂದೇ ಕರೆಯುವವಳು ನೀನು, ಆದರೂ ಕೇಳು. ಹನ್ನೆರಡು ವರ್ಷದಿಂದ ನಮ್ಮ ಕ್ಲಬ್ಬಿನ ಗೋಲಿನ ಮುಂದೆ ಬ್ಯಾಕ್ ಆಗಿ ನಿಂತವನು ನಾನು, ಏಳು ವರ್ಷದಿಂದ ಕ್ಯಾಪ್ಟನ್. ಬರಿಗಾಲಲ್ಲಿ ಆಡಿ ಎರಡು ಉಗುರು ಹೋದವು. ಬೂಟು ಹಾಕಿದವನೊಬ್ಬನ ಒದೆತಕ್ಕೆ ಮುಂದಿನ ಹಲ್ಲು ಹೋಯಿತು, ಅದು ಮಾವಿನ ಮರದಿಂದ ಬಿದ್ದಾಗ ಹೋದದ್ದೆಂದು ನಿಮ್ಮ ಮನೆಯವರಿಗೆ ಹೇಳಿಸಿ ನಿನ್ನನ್ನು ತಂದೆವು. ಜ್ವರವಿದ್ದರೂ ಒಂದು ಪಂದ್ಯವನ್ನೂ ಬಿಟ್ಟವನಲ್ಲ. ಮೂರು ಸಲ ಫೈನಲ್ಲಿಗೆ ಹೋಗಿ ಮೂರು ಸಲವೂ ಮೋರೆ ಇಳಿಸಿಕೊಂಡು ಬಂದೆವು. ಈ ವರ್ಷ ನಾಲ್ಕನೆಯದು. ಇಲ್ಲಿಯ ಮೈದಾನದಲ್ಲಿ ಆಡಿದ್ದು ಸಮವಾಯಿತು. ಮರುಪಂದ್ಯ ಎಲ್ಲಿ ಎಂದು ಚೀಟಿ ಎತ್ತಿದರೆ ಎದುರಾಳಿಗಳ ಊರೇ ಬರಬೇಕೇ? ಸದಾಶಿವಗಡ. ಕಾಳಿ ಹೊಳೆಯ ಆಚೆ!

ನಿನ್ನನ್ನು ಬಿಟ್ಟುಹೋಗಲು ಬಂದ ದಿನ ಅತ್ತೆ ತುಳಸಿಕಟ್ಟೆ ಮುಟ್ಟಿಸಿ, “ಬಸ್ರಿ ಗಂಡ ಹೊಳಿ ದಾಟೂಕಾಗ, ಗಡ್ಡಕ್ಕೆ ಕತ್ತಿ ತಾಗ್ಸೂಕಾಗ” ಎಂದು ಆಣೆ ಹಾಕಿಸಿದ್ದು ನಿನಗೆ ನೆನಪಿದೆ. ಗಡ್ಡದ ಮಾತು ಬಿಡು. ಆಟಗಾರರೆಲ್ಲ ನನ್ನನ್ನು ಸಾಧುಬುವಾ ಎಂದು ಕರೆದು ಕಾಲು ಮುಟ್ಟಲು ಬರುತ್ತಾರೆ, ನಾನೂ ಆಶೀರ್ವಾದ ಮಾಡುತ್ತೇನೆ. ಆದರೆ ಹೊಳೆ? ಇಂಥದ್ದನ್ನೆಲ್ಲ ನಾನು ನಂಬುವವನಲ್ಲ ಎಂದು ಎಷ್ಟು ಸಲ ಜಂಬ ಕೊಚ್ಚಿಲ್ಲ! ಎರಡು ವರ್ಷದ ಹಿಂದೆ ನಿನಗೆ ಏಳು ತಿಂಗಳಾಗಿದ್ದಾಗ ಹಾಗೆ ಜಂಬ ಕೊಚ್ಚಿಯೇ ಹೊಳೆ ದಾಟಿ ಅಲ್ಲಿ ಆಡಿ ಬಂದೆ. ಮೂರನೆಯ ದಿನ ಉಸಿರಿಲ್ಲದ ನಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನೀನು ಒಂದು ಮಾತೂ ಬೈಯಲಿಲ್ಲ ಗಂಗಿ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಹನ್ನೆರಡು ಗಂಟೆಗೆ ಎಲ್ಲರೂ ತಾರಿಯ ದೋಣಿ ಹತ್ತಿದರು. ನಾನೂ ಚಡ್ಡಿ-ಜರ್ಸಿಯ ಗಂಟು ಹಿಡಿದೇ ಹೋಗಿದ್ದೆ, ಯಾಕೆ ಹಿಡಿದಿದ್ದೆನೋ ದೇವರಿಗೇ ಗೊತ್ತು. ದೋಣಿಯ ಸುಕ್ರ, “ಹತ್ತಾ ಕ್ಯಾಪ್ಟನ್, ಹೊಳಿ ಎಂಥ ಕಚ್ಚೂದಿಲ್ಲ” ಎಂದ. ಒಂದು ಕಾಲು ದೋಣಿಯೊಳಗೆ ಇಟ್ಟೆ. ಇಟ್ಟು ತೆಗೆದೆ. ನನ್ನ ಜಾಗದಲ್ಲಿ ತುಳಸಿದಾಸ ಆಡಲಿ ಎಂದೆ. ಮೂರು ವರ್ಷ ನಾನೇ ಕಲಿಸಿದ ಆಳು ಅವನು, ಎಡಗಾಲು ಮಾತ್ರ ಇನ್ನೂ ಮರದ ಹಾಗೆ. ದೋಣಿ ಹೋಯಿತು. ಅಲ್ಲಿಂದ ಸಂಜೆಯವರೆಗೆ ನಾನು ದಡದಲ್ಲಿ ಎದ್ದೆ, ಕೂತೆ, ಅಲೆದೆ. ಗಾಳಿ ಈಚೆ ತಿರುಗಿದಾಗ ಆಚೆಯ ಕೂಗು ಕೇಳುತ್ತಿತ್ತು, ಯಾರ ಕೂಗೆಂದು ತಿಳಿಯಬೇಕಲ್ಲ! ಸಿಟ್ಟಿಗೆ ಒಂದು ತೆಂಗಿನ ಚಿಪ್ಪನ್ನು ಒದ್ದೆ, ಅದು ಹೊಳೆಗೆ ಬಿತ್ತು.

ಗೆದ್ದರು. ಒಂದು ಗೋಲಿನಿಂದ. ಕೊನೆಯ ಗಳಿಗೆಯಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ತುಳಸಿದಾಸನೇ ಗೆರೆಯ ಮೇಲಿಂದ ಒದ್ದು ತೆಗೆದನಂತೆ, ಅದೂ ಎಡಗಾಲಲ್ಲಿ. ದೋಣಿಯಿಂದ ಇಳಿದವನೇ ಓಡಿಬಂದು ಶೀಲ್ಡನ್ನು ನನ್ನ ಮಡಿಲಲ್ಲಿಟ್ಟು, “ಬೀರಣ್ಣಾ, ಇದು ನಿಂದೇಯಾ” ಎಂದು ಅತ್ತ. ನಾನು ಅವನ ಬೆನ್ನು ತಟ್ಟಿದೆ. ಅದನ್ನು ಹೊತ್ತುಕೊಂಡು ಪೇಟೆಯೆಲ್ಲ ತಿರುಗಿದೆವು, ಬೆಲ್ಲ-ಅವಲಕ್ಕಿ ಹಂಚಿದರು, ನಾನೂ ಎಲ್ಲರ ಜೊತೆ ಕುಣಿದೆ.

ಕೊಟ್ಟ ಮಾತನ್ನು ನಡೆಸಿದೆ ಎಂದು ಅತ್ತೆಗೆ ಹೇಳು, ಅವರಿಗೆ ನನ್ನ ನಮಸ್ಕಾರ. ಮಾವನ ಕೆಮ್ಮು ಕಡಿಮೆಯಾಗಿರಲಿ. ತಿಮ್ಮುವಿಗೆ ಆಶೀರ್ವಾದ. ನೀನು ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನನ್ನೂ ಒಳಗಿರುವ ಜೀವವನ್ನೂ ಕುಲದೇವರು ಕಾಯಲಿ.

ಇಂತಿ ನಿನ್ನ
ಬೀರಾ

ತಾ.ಕ.: ತಿಮ್ಮು, ಇಲ್ಲಿಗೆ ಸಾಕು, ಕಾಗದ ಅಕ್ಕನ ಕೈಗೆ ಕೊಟ್ಟು ಹೊರಗೆ ಹೋಗು. ಗಂಗಿ, ನೀನು ಎರಡನೇ ಇಯತ್ತೆ ಕಲಿತವಳು, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಕೂಡಿಸಿ ಓದಿಕೋ. ದಡದಲ್ಲಿ ಕೂತು ನಾನು ದೇವರನ್ನು ಬೇಡಿಕೊಂಡದ್ದು ನಮ್ಮವರು ಗೆಲ್ಲಲಿ ಎಂದಲ್ಲ. ಸೋಲಲಿ ಎಂದು. ನಾನಿಲ್ಲದೆ ಅವರು ಗೆಲ್ಲಬಾರದು ಎಂದು. ಕೂಗು ಕೇಳಿದಾಗಲೆಲ್ಲ ಅದನ್ನೇ ಬೇಡಿದೆ. ನಿನ್ನೆ ಮೊಣಕಾಲು ನೋವೆಂದು ನೆವ ಹೇಳಿ ತುಳಸಿದಾಸನನ್ನೇ ಕ್ಯಾಪ್ಟನ್ ಮಾಡಿಸಿದೆ, ಇನ್ನು ನಾನು ಆಡುವುದಿಲ್ಲ. ಹೊಳೆ ದಾಟಬಾರದೆಂದು ಅತ್ತೆ ಹೇಳಿದ್ದರು, ಜೊತೆಯವರಿಗೆ ಕೇಡು ಬಯಸಬಾರದೆಂದು ಹೇಳಿರಲಿಲ್ಲ. ಅದೂ ಮಗುವಿಗೆ ತಟ್ಟುತ್ತದೆಯೇ? ಅವರನ್ನು ಕೇಳಬೇಡ, ನನಗೆ ಹೆದರಿಕೆ. ಹೊಟ್ಟೆಯಲ್ಲಿ ಮಗು ಹೊರಳಾಡುತ್ತಿದೆ ಎಂದು ಒಂದೇ ಒಂದು ಸಾಲು, ನಿನ್ನ ಕೈಯಿಂದಲೇ ಬರೆದು, ನಾಳೆಯ ಟಪಾಲಿಗೆ ಹಾಕಿಸು.